‘ಸರ್ಕಾರ ಇತ್ತ ಗಮನ ಹರಿಸಲಿ’ ಎಂದು ಮುಗಿದ ಲೇಖನ ಯಾಕೆ ಅಚ್ಚಾಗಲಿಲ್ಲ?

ಪ್ರಶ್ನೆ: ಸರ್, ನಮ್ಮದು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ. ಎಂ.ಎ. ಮುಗಿಸಿ ಊರಲ್ಲೇ ಇದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನಮ್ಮ ಆರು ಎಕರೆ ಹೊಲ ಇದೆ. ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈ ಬಗ್ಗೆ ಪತ್ರಿಕೆಗಳಿಗೆ ಮೂರು ಸಲ ಲೇಖನ ಕಳಿಸಿದೆ. ಒಂದೂ ಬರಲಿಲ್ಲ, ಉತ್ತರವೂ ಇಲ್ಲ. ಕೊನೆಯದನ್ನು ಇದರ ಜೊತೆ ಇಟ್ಟಿದ್ದೇನೆ. ಅಭಿಪ್ರಾಯ ಲೇಖನ ಹೇಗೆ ಬರೆಯಬೇಕು? ನಮ್ಮಂಥವರು ಬರೆದದ್ದನ್ನು ಹಾಕುತ್ತಾರಾ?

ಉತ್ತರ: ಹಾಕುತ್ತಾರೆ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಟ್ಟೆ, ಯಾಕೆಂದರೆ ಆ ಅನುಮಾನ ಇಟ್ಟುಕೊಂಡು ಬರೆದರೆ ಬರಹ ಕುಗ್ಗುತ್ತದೆ. ನಾನು ಸಂಪಾದಕೀಯ ಪುಟದ ಡೆಸ್ಕ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಬೆಂಗಳೂರು, ಮೈಸೂರು, ಧಾರವಾಡದಿಂದ ದಿನಾ ಲೇಖನಗಳು ಬರುತ್ತಿದ್ದವು. ರಾಯಚೂರು, ಕೊಪ್ಪಳದಿಂದ ಬರುತ್ತಿದ್ದದ್ದು ಕಡಿಮೆ. ನಾನೂ ಈ ಕಡೆಯವನು. ಅಲ್ಲಿಂದ ಬಂದಿದ್ದನ್ನು ಆಸೆಯಿಂದ ತೆಗೆದು ಓದುತ್ತಿದ್ದೆ. ಬಹಳ ಸಲ ಬೇಸರದಿಂದ ಬದಿಗೆ ಇಡಬೇಕಾಗುತ್ತಿತ್ತು. ಬರೆದವರ ಊರು ಅದಕ್ಕೆ ಕಾರಣ ಆಗಿರಲಿಲ್ಲ. ಕಾರಣ ಏನು ಅಂತ ನಿಮ್ಮ ಲೇಖನವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ನಿಮ್ಮ ಲೇಖನ ಎರಡು ಸಲ ಓದಿದೆ. ‘ಭಾರತ ಕೃಷಿ ಪ್ರಧಾನ ದೇಶ, ರೈತ ದೇಶದ ಬೆನ್ನೆಲುಬು’ ಎಂದು ಶುರುವಾಗುತ್ತದೆ. ಆಮೇಲೆ ಅಣೆಕಟ್ಟಿನ ಚರಿತ್ರೆ. 1945ರಲ್ಲಿ ಅಡಿಗಲ್ಲು ಬಿದ್ದದ್ದು, ಹೈದರಾಬಾದ್ ಮತ್ತು ಮದ್ರಾಸ್ ಸೇರಿ ಕಟ್ಟಿದ್ದು, ಎಲ್ಲ ಇದೆ. ಎರಡನೇ ಪುಟದ ಅರ್ಧದವರೆಗೂ ನಿಮ್ಮ ಊರು ಬರುವುದೇ ಇಲ್ಲ. ಮೂರನೇ ಪುಟದಲ್ಲಿ ಒಂದು ಸಾಲು ಇದೆ: ‘ನಮ್ಮ ಅಪ್ಪ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ತೂಬಿನ ಹತ್ತಿರ ಹೋಗಿ ಕೂರುತ್ತಾರೆ.’ ಅದನ್ನು ಓದಿ ನಾನು ಸ್ವಲ್ಪ ಹೊತ್ತು ಮುಂದೆ ಹೋಗಲಿಲ್ಲ. ಮತ್ತೆ ತಕ್ಷಣ ಹವಾಮಾನ ಬದಲಾವಣೆ, ಜಾಗತೀಕರಣ, ಯುವಕರ ವಲಸೆ ಬರುತ್ತವೆ. ಕೊನೆಗೆ ‘ಸರ್ಕಾರ ಇತ್ತ ಗಮನ ಹರಿಸಲಿ’.

ಈ ಲೇಖನದಲ್ಲಿ ನೋವು ಇದೆ, ಮಾಹಿತಿ ಇದೆ. ಅಭಿಪ್ರಾಯ ಇಲ್ಲ.

ಇದನ್ನು ಓದಿ ನಿಮಗೆ ಬೇಜಾರಾಗಬಹುದು. ಸ್ವಲ್ಪ ತಾಳಿ. ‘ಕೊನೆ ಭಾಗದ ರೈತರಿಗೆ ಅನ್ಯಾಯ ಆಗುತ್ತಿದೆ’ ಎನ್ನುವ ಮಾತಿಗೆ ಯಾರಾದರೂ ಇಲ್ಲ ಅನ್ನುತ್ತಾರಾ? ಶಾಸಕರು ಅದನ್ನೇ ಹೇಳುತ್ತಾರೆ, ಮಂತ್ರಿಗಳು ಅದನ್ನೇ ಹೇಳುತ್ತಾರೆ, ವಿರೋಧ ಪಕ್ಷದವರೂ ಅದನ್ನೇ ಹೇಳುತ್ತಾರೆ. ಎಲ್ಲರೂ ತಲೆ ಅಲ್ಲಾಡಿಸುವ ಮಾತು ಅಭಿಪ್ರಾಯ ಆಗುವುದಿಲ್ಲ. ಒಬ್ಬರಾದರೂ ಎದ್ದು ನಿಂತು ‘ಅದು ಆಗುವ ಮಾತಲ್ಲ’ ಅನ್ನಬೇಕು. ಅಂಥ ಮಾತು ಇದ್ದರೆ ಲೇಖನಕ್ಕೆ ಬೆನ್ನುಮೂಳೆ ಬರುತ್ತದೆ.

ನಿಮ್ಮ ವಿಷಯದಲ್ಲೇ ನೋಡಿ. ‘ಪ್ರತಿ ವಿತರಣಾ ಕಾಲುವೆಯ ಗೇಜು, ಅಂದರೆ ನೀರಿನ ಎತ್ತರ, ಎಷ್ಟಿದೆ ಅಂತ ದಿನಾ ಗ್ರಾಮ ಪಂಚಾಯಿತಿಯ ಬೋರ್ಡಿನ ಮೇಲೆ ಬರೆಯಬೇಕು.’ ಇದು ಒಂದು ಅಭಿಪ್ರಾಯ. ‘ಮೇಲ್ಭಾಗದಲ್ಲಿ ಮಿತ ನೀರಾವರಿ (ಕಡಿಮೆ ನೀರಿನ ಬೆಳೆಗೆ ಗೊತ್ತು ಮಾಡಿದ) ಜಮೀನಿಗೆ ನೆಲ್ಲು (ಭತ್ತ) ಹಚ್ಚುವುದನ್ನು ಹಂತ ಹಂತವಾಗಿ ನಿಲ್ಲಿಸಬೇಕು.’ ಇದು ಇನ್ನೊಂದು, ಜಗಳ ಹಚ್ಚುವಂಥದ್ದು. ‘ನೀರು ಬಿಡುವಾಗ ಮೊದಲ ವಾರ ಕೊನೆ ಭಾಗಕ್ಕೇ ಕೊಡಬೇಕು.’ ಇದು ಮೂರನೆಯದು. ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದೇ ಒಂದು. ಉಳಿದ ಎರಡು ಮುಂದಿನ ಲೇಖನಗಳಿಗೆ. ಜಾಗತೀಕರಣವನ್ನು ಪೂರ್ತಿ ಬಿಟ್ಟುಬಿಡಿ.

ಆರಿಸಿದ್ದು ಸರಿಯಾಗಿದೆಯಾ ಅಂತ ನೋಡಲು ನಾನು ಹೊಸಬರಿಗೆ ಒಂದು ಮಾತು ಹೇಳುತ್ತಿದ್ದೆ. ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ರಾಯಚೂರಿನ ಬಸ್ಸು ಹೊರಟಿದೆ, ನೀವು ಹತ್ತಿದ್ದೀರಿ, ಗೆಳತಿ ಕೆಳಗೆ ನಿಂತಿದ್ದಾಳೆ ಅಂದುಕೊಳ್ಳಿ. ‘ಏನ್ ಬರ್ದಿ?’ ಅಂತ ಕೇಳುತ್ತಾಳೆ. ಬಸ್ಸು ತಿರುಗುವಷ್ಟರಲ್ಲಿ ಕಿಟಕಿಯಿಂದ ಕೂಗಿ ಹೇಳಲು ಆಗಬೇಕು. ಆಗಲಿಲ್ಲ ಅಂದರೆ ಇನ್ನೂ ಬರೆಯುವ ಹೊತ್ತು ಬಂದಿಲ್ಲ, ಯೋಚನೆ ಮಾಡುವುದು ಬಾಕಿ ಇದೆ.

ನಾನು ಆಗಿದ್ದರೆ ಗೇಜಿನ ಬೋರ್ಡನ್ನು ಆರಿಸುತ್ತಿದ್ದೆ. ಸಣ್ಣದು ಅನ್ನಿಸಬಹುದು. ಆದರೆ ಅದನ್ನು ಮಾಡುವವರು ಯಾರು ಅಂತ ಬೆರಳಿಟ್ಟು ತೋರಿಸಬಹುದು. ‘ಸರ್ಕಾರ’ ಅಂದರೆ ಯಾರು? ವಿಧಾನಸೌಧವಾ, ಮುನಿರಾಬಾದಿನ ನೀರಾವರಿ ಕಚೇರಿಯಾ, ಕಾಲುವೆ ಮೇಲೆ ಓಡಾಡುವ ಗ್ಯಾಂಗ್‌ಮನ್ನಾ? ‘ಸರ್ಕಾರ’ ಅಂತ ಬರೆದರೆ ಯಾರೂ ‘ಇದು ನನಗೆ ಹೇಳಿದ್ದು’ ಅಂದುಕೊಳ್ಳುವುದಿಲ್ಲ. ಎಡದಂಡೆಗೆ ಯಾವಾಗ, ಎಷ್ಟು ನೀರು ಬಿಡಬೇಕು ಅಂತ ಕೂತು ತೀರ್ಮಾನ ಮಾಡುವುದು ನೀರಾವರಿ ಸಲಹಾ ಸಮಿತಿ. ನಮ್ಮ ಕಡೆ ಎಲ್ಲರೂ ಐಸಿಸಿ ಅನ್ನುತ್ತಾರೆ. ನಿಮ್ಮ ಲೇಖನದಲ್ಲಿ ಆ ಹೆಸರೇ ಇಲ್ಲ! ಮುಂದಿನ ಐಸಿಸಿ ಸಭೆಯಲ್ಲಿ ಈ ಬೋರ್ಡಿನ ವಿಷಯ ತೀರ್ಮಾನ ಆಗಲಿ ಅಂತ ಬರೆಯಿರಿ. ಆಗ ಓದುವವರಲ್ಲಿ ಒಬ್ಬ ಎಂಜಿನಿಯರಾದರೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಈಗ ಸಾಕ್ಷಿಯ ವಿಷಯ. ಅಣೆಕಟ್ಟಿನ ಚರಿತ್ರೆ ಯಾರು ಬೇಕಾದರೂ ಬರೆಯಬಹುದು. ಬೆಂಗಳೂರಿನಲ್ಲಿ ಕೂತು ಬರೆಯಬಹುದು. ನಿಮ್ಮ ತೂಬಿನ ಹತ್ತಿರ ರಾತ್ರಿ ಏನಾಗುತ್ತದೆ ಅಂತ ನೀವು ಮಾತ್ರ ಬರೆಯಬಹುದು. ಸಂಪಾದಕರು ನಿಮ್ಮಿಂದ ಬಯಸುವುದು ಅದನ್ನೇ. 69ನೇ ಮೈಲಿ ಗೇಜು, 104ನೇ ಮೈಲಿ ಗೇಜು ಅನ್ನುವ ಮಾತು ನಮ್ಮ ಕಡೆ ಚಹಾ ಅಂಗಡಿಯಲ್ಲೂ ನಡೆಯುತ್ತದೆ. ರಾಜ್ಯದ ಉಳಿದ ಓದುಗರಿಗೆ ಅದು ಗೊತ್ತೇ ಇಲ್ಲ. ಇನ್ನೂರು ಕಿಲೋಮೀಟರಿಗೂ ಉದ್ದದ ಕಾಲುವೆ, ಅದರಲ್ಲಿ ಅಲ್ಲಲ್ಲಿ ನೀರಿನ ಎತ್ತರ ಅಳೆಯುವ ಗುರುತು, ಆ ಗುರುತಿನಲ್ಲಿ ಒಂದು ಅಡಿ ಇಳಿದರೆ ಇಲ್ಲಿ ಒಂದು ಮನೆಯ ವರ್ಷದ ಲೆಕ್ಕ ಏರುಪೇರು. ಇದನ್ನು ಎರಡೇ ಸಾಲಿನಲ್ಲಿ ಬಿಡಿಸಿ ಹೇಳಿ. ಚಾಮರಾಜನಗರದಲ್ಲಿ ಕೂತ ಓದುಗರಿಗೂ ಅರ್ಥ ಆಗಲಿ.

ಅಂಕಿಗಳನ್ನು ಕಡಿಮೆ ಮಾಡಿ. ನಿಮ್ಮ ಲೇಖನದಲ್ಲಿ ಹದಿನೇಳು ಸಂಖ್ಯೆ ಎಣಿಸಿದೆ. ಎರಡು ಕಡೆ ಟಿಎಂಸಿ ಇರಬೇಕಾದಲ್ಲಿ ಕ್ಯೂಸೆಕ್ ಆಗಿದೆ. ಇದು ಸಣ್ಣ ತಪ್ಪಲ್ಲ. ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯುತ್ತದೆ ಎಂಬ ಲೆಕ್ಕ. ಟಿಎಂಸಿ ಅಂದರೆ ಕೂಡಿಬಿದ್ದ ನೀರಿನ ಲೆಕ್ಕ, 100 ಕೋಟಿ ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಆಗುತ್ತದೆ. ಡೆಸ್ಕ್‌ನಲ್ಲಿ ಇರುವವರು ಇಂಥ ಒಂದು ತಪ್ಪು ಕಂಡರೆ ಉಳಿದ ಹದಿನೈದು ಸಂಖ್ಯೆಯನ್ನೂ ನಂಬುವುದಿಲ್ಲ. ಪರೀಕ್ಷೆ ಮಾಡಲು ಅವರಿಗೆ ಸಮಯವೂ ಇರುವುದಿಲ್ಲ. ಲೇಖನ ಬದಿಗೆ ಹೋಗುತ್ತದೆ.

ಇಡೀ ಲೇಖನಕ್ಕೆ ಮೂರು ಸಂಖ್ಯೆ ಸಾಕು. ಅವನ್ನು ಓದುವವರು ಕೈಯಲ್ಲಿ ಹಿಡಿಯುವಂತೆ ಕೊಡಿ. ‘ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಇದ್ದದ್ದು ಹೂಳಿನಿಂದ ಸುಮಾರು 105 ಟಿಎಂಸಿಗೆ ಇಳಿದಿದೆ’ ಅಂತ ಬರೆದಿದ್ದೀರಿ. ಸರಿಯಾಗಿದೆ. ಆದರೆ ಕಣ್ಣು ಅದರ ಮೇಲೆ ಜಾರಿ ಹೋಗುತ್ತದೆ. ‘ಐದು ಕೊಡ ನೀರು ಹಿಡಿಯುತ್ತಿದ್ದ ಹಂಡೆಯಲ್ಲಿ ಈಗ ಒಂದು ಕೊಡದಷ್ಟು ಜಾಗ ಮಣ್ಣಿಗೆ ಹೋಗಿದೆ’ ಅನ್ನಿ. ಅದೇ ಸಂಖ್ಯೆ, ಆದರೆ ಮರೆಯುವುದಿಲ್ಲ.

ಇನ್ನು ನಿಮ್ಮ ಬರಹದಲ್ಲಿ ನನಗೆ ಜಾಸ್ತಿ ಕೊರತೆ ಕಂಡ ಜಾಗ. ಮೇಲ್ಭಾಗದ ರೈತರನ್ನು ನೀವು ‘ನೀರುಗಳ್ಳರು’ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಸಿಟ್ಟು ನನಗೆ ಅರ್ಥ ಆಗುತ್ತದೆ. ನನ್ನ ಸೋದರಮಾವನ ಹೊಲವೂ ಕೊನೆ ಭಾಗದಲ್ಲೇ ಇತ್ತು. ಆದರೆ ಗಂಗಾವತಿಯ ಅಥವಾ ಕಾರಟಗಿಯ ಒಬ್ಬ ರೈತ ನಿಮ್ಮ ಲೇಖನ ಓದಿದರೆ ಏನು ಹೇಳುತ್ತಾರೆ ಅಂತ ಒಂದು ಸಂಜೆ ಕೂತು ಯೋಚನೆ ಮಾಡಿ. ಆಗುವುದಾದರೆ ಹೋಗಿ ಕೇಳಿಯೇ ಬನ್ನಿ, ಬಸ್ಸಿನಲ್ಲಿ ಹೋಗಿ ಸಂಜೆಗೆ ಬರುವಷ್ಟು ದೂರ.

ಅವರು ಹೇಳುವುದು ಹೀಗಿರಬಹುದು. ‘ಕಾಲುವೆ ಮಾಡುವಾಗ ಇಲ್ಲಿ ಜೋಳ, ಹತ್ತಿ, ಶೇಂಗಾ ಬೆಳೀರಿ ಅಂದಿದ್ದರು, ನಿಜ. ಈಗ ವರ್ಷಗಟ್ಟಲೆ ನೀರು ನಿಂತು ನೆಲ ಜವಳಾಗಿದೆ, ಸವುಳಾಗಿದೆ. ಇದರಲ್ಲಿ ನೆಲ್ಲು ಬಿಟ್ಟು ಬೇರೆ ಏನು ಏಳುತ್ತದೆ? ಸುತ್ತ ಅಕ್ಕಿ ಗಿರಣಿ ಇವೆ, ಸೋನಾ ಮಸೂರಿಗೆ ಕೊಳ್ಳುವವರಿದ್ದಾರೆ. ಜೋಳಕ್ಕೆ ಯಾರು ಬೆಲೆ ಕೊಡುತ್ತಾರೆ? ನೆಲ್ಲಿನ ಲೆಕ್ಕದ ಮೇಲೆ ಸಾಲ ಮಾಡಿದ್ದೇನೆ, ಮಗಳ ಮದುವೆ ಮಾಡಿದ್ದೇನೆ. ನಾಳೆ ಬಿಡು ಅಂದರೆ ಹೇಗೆ ಬಿಡಲಿ?’

ಇದು ಗಟ್ಟಿಯಾದ ಮಾತು. ಇದಕ್ಕೆ ಉತ್ತರ ಕೊಡದೆ ನಿಮ್ಮ ಲೇಖನ ನಿಲ್ಲುವುದಿಲ್ಲ. ಬಹಳ ಜನ ಬರೆಯುವವರು ಎದುರಿನವರ ಬಡಕಲು ಮಾತೊಂದನ್ನು ತಾವೇ ಹುಟ್ಟಿಸಿ, ತಾವೇ ಹೊಡೆದು ಬೀಳಿಸುತ್ತಾರೆ. ನೀವು ಅವರ ಬಲವಾದ ಮಾತನ್ನೇ, ಅವರೇ ಓದಿದರೆ ‘ಹೌದು, ನಾನು ಹೇಳುವುದು ಇದೇ’ ಅನ್ನುವ ಹಾಗೆ ಬರೆಯಿರಿ. ಆಮೇಲೆ ಉತ್ತರ ಕೊಡಿ. ‘ನಿಮ್ಮ ಬೆಳೆ ಬಿಡಿ ಅಂತ ನಾನು ಈಗ ಕೇಳುತ್ತಿಲ್ಲ. ಕಾಲುವೆಯಲ್ಲಿ ಎಷ್ಟು ನೀರು ಇದೆ ಅಂತ ಇಬ್ಬರಿಗೂ ಕಾಣಲಿ. ನಿಮ್ಮ ಪಾಲು ನೀವು ತೆಗೆದುಕೊಂಡದ್ದೂ ಕಾಣಲಿ, ನನ್ನ ಪಾಲು ಬರದೆ ಇದ್ದದ್ದೂ ಕಾಣಲಿ.’ ಇಲ್ಲಿ ನಿಮ್ಮ ಬೋರ್ಡಿನ ಮಾತಿಗೆ ಎಷ್ಟು ಬಲ ಬಂತು ನೋಡಿ. ಬೈದಿದ್ದರೆ ಗಂಗಾವತಿಯವರು ಪುಟ ತಿರುವುತ್ತಿದ್ದರು. ಈಗ ಪೂರ್ತಿ ಓದುತ್ತಾರೆ. ನಿಮ್ಮ ಕಡೆಯವರು ಹೇಗೂ ನಿಮ್ಮ ಜೊತೆ ಇದ್ದಾರೆ. ಲೇಖನ ಬರೆಯುವುದು ಇನ್ನೊಂದು ಕಡೆಯವರ ಮನಸ್ಸು ಒಂದು ಇಂಚಾದರೂ ಅಲುಗಲಿ ಅಂತ ಅಲ್ವಾ?

ಒಪ್ಪಬೇಕಾದ್ದನ್ನು ಒಪ್ಪಿಕೊಳ್ಳಿ. ನಿಮ್ಮ ಹಳ್ಳಿಯಲ್ಲೂ ಕಾಲುವೆಗೆ ಪಂಪ್‌ಸೆಟ್ ಹಚ್ಚಿದವರು ಇದ್ದರೆ ಅದನ್ನೂ ಬರೆಯಿರಿ. ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂತು. ನಿಮ್ಮ ಕಾಲುವೆಯಲ್ಲಿ ಅದರಿಂದ ಏನಾದರೂ ಬದಲಾಗಿದೆಯಾ? ಆಗಿದ್ದರೆ ಎಲ್ಲಿ, ಇಲ್ಲದಿದ್ದರೆ ಯಾಕೆ? ಇದು ನೀವು ಹೊಲಕ್ಕೆ ಹೋಗಿ ಕಂಡು ಬರೆಯಬಹುದಾದ ವಿಷಯ.

ಕಾಗದದ ಸಾಕ್ಷಿ ಬೇಕಾದರೆ ಮಾಹಿತಿ ಹಕ್ಕು ಕಾಯ್ದೆ ಇದೆ, 2005ರದ್ದು. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಹಾಗಾಗಿ ‘ಕಾಲುವೆಯ ಎಲ್ಲ ಮಾಹಿತಿ ಕೊಡಿ’ ಅಂತ ಕೇಳಬೇಡಿ. ‘ಇಂಥ ವಿತರಣಾ ಕಾಲುವೆಯ ಇಂಥ ಎರಡು ತಿಂಗಳ ದಿನವಹಿ ಗೇಜ್ ವಹಿಯ ನಕಲು’ ಅಂತ ಕೇಳಿ. ಉತ್ತರ ಬಂದರೆ ಅದು ನಿಮ್ಮ ಲೇಖನದ ಎದೆ. ಬರದಿದ್ದರೆ ‘ಇಂಥ ದಿನ ಕೇಳಿದೆ, ಇಷ್ಟು ದಿನ ಆಯಿತು, ಕೊಟ್ಟಿಲ್ಲ’ ಎಂಬ ಒಂದು ಸಾಲು ಕೂಡ ಸಾಕ್ಷಿಯೇ.

ದಾಖಲೆ ಇದ್ದಾಗ ಬರಹದ ದನಿಯೇ ಬೇರೆ ಆಗುತ್ತದೆ. ಬಳ್ಳಾರಿಯ ಗಣಿ ವಿಷಯದಲ್ಲಿ ಅದನ್ನು ಹತ್ತಿರದಿಂದ ಕಂಡೆ. ಮೊದಮೊದಲು ಬರೆಯುತ್ತಿದ್ದವರು ಕೆಂಪು ಧೂಳು, ಸಾಲು ಲಾರಿ, ಕೆಟ್ಟ ರಸ್ತೆ ಇಷ್ಟನ್ನೇ ಬರೆಯಬಹುದಿತ್ತು. 2008ರಲ್ಲಿ, ಆಮೇಲೆ 2011ರಲ್ಲಿ ಲೋಕಾಯುಕ್ತ ವರದಿಗಳು ಬಂದವು. ಅದೇ ಜನ ಅದಾದ ಮೇಲೆ ಬರೆದ ಲೇಖನಗಳಲ್ಲಿ ವಿಶೇಷಣ ಕಡಿಮೆ ಆಯಿತು, ವಿಷಯ ಜಾಸ್ತಿ ಆಯಿತು. ಕೂಗುವ ಅಗತ್ಯವೇ ಉಳಿಯಲಿಲ್ಲ.

ಯಾವಾಗ ಕಳಿಸಬೇಕು ಅನ್ನುವುದು ಹೇಗೆ ಬರೆಯಬೇಕು ಅನ್ನುವಷ್ಟೇ ದೊಡ್ಡದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್‌ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಅದರ ಮರುದಿನದಿಂದ ಒಂದು ವಾರ ಇಡೀ ರಾಜ್ಯ ಈ ನೀರಿನ ಬಗ್ಗೆ ಓದಲು ಕಾಯುತ್ತಿತ್ತು. ಆ ವಾರ ಕೊನೆ ಭಾಗದ ಹಳ್ಳಿಯಿಂದ ಐನೂರು ಪದ ಬಂದಿದ್ದರೆ ಯಾವ ಸಂಪಾದಕರು ಬೇಡ ಅನ್ನುತ್ತಿದ್ದರು? ನೀವು ಆ ಬಗ್ಗೆ ಬರೆದದ್ದು ನವೆಂಬರಿನಲ್ಲಿ ಅಂತ ಹೇಳಿದ್ದೀರಿ. ಅಷ್ಟರಲ್ಲಿ ಬೇರೆ ಸುದ್ದಿ ಬಂದಿತ್ತು.

ಅನಾಹುತಕ್ಕೆ ಕಾಯಿರಿ ಅಂತ ಹೇಳುತ್ತಿಲ್ಲ. ಗೊತ್ತಿರುವ ದಿನಗಳೇ ಬೇಕಾದಷ್ಟಿವೆ. ಮುಂಗಾರಿಗೆ ಒಮ್ಮೆ, ಹಿಂಗಾರಿಗೆ ಒಮ್ಮೆ ಐಸಿಸಿ ಸಭೆ ಸೇರುತ್ತದೆ. ಬಜೆಟ್ ಬರುತ್ತದೆ. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ, ಆಗ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ದಿನದ ಲೇಖನ ಆ ದಿನ ಕಳಿಸಿದರೆ ತಡ. ನಾಲ್ಕೈದು ದಿನ ಮುಂಚೆ ಡೆಸ್ಕ್‌ಗೆ ಸೇರಿರಬೇಕು. ಇದಕ್ಕೆ ಒಂದೇ ದಾರಿ, ಅರ್ಧ ಲೇಖನ ಮೊದಲೇ ಬರೆದು ಇಟ್ಟುಕೊಂಡಿರುವುದು.

ಶುರು ಹೇಗೆ ಮಾಡಬೇಕು? ಆ ಮೂರನೇ ಪುಟದ ಸಾಲನ್ನು ಎತ್ತಿ ತಲೆಯ ಮೇಲೆ ಇಡಿ. ಹೀಗೆ: ‘ನಮ್ಮ ಅಪ್ಪನಿಗೆ 61 ವರ್ಷ. ಈ ಆಗಸ್ಟಿನಲ್ಲಿ ಹನ್ನೊಂದು ರಾತ್ರಿ ಅವರು ತೂಬಿನ ಹತ್ತಿರ ಕಳೆದರು. ಎಂಟು ರಾತ್ರಿ ನೀರು ಬರಲೇ ಇಲ್ಲ. ಬರುವುದಿಲ್ಲ ಅಂತ ಮೊದಲೇ ಹೇಳುವವರು ಇದ್ದಿದ್ದರೆ ಆ ಎಂಟು ರಾತ್ರಿ ಅವರು ಮನೆಯಲ್ಲಿ ಮಲಗಬಹುದಿತ್ತು.’ ವಯಸ್ಸು, ಹನ್ನೊಂದು, ಎಂಟು, ಇವು ನಾನು ಸುಮ್ನೆ ಹಾಕಿದ್ದು. ನಿಜವಾದ ಲೆಕ್ಕ ಅಪ್ಪನನ್ನು ಕೇಳಿ ಹಾಕಿ. ಒಂದು ರಾತ್ರಿಯನ್ನೂ ಹೆಚ್ಚು ಮಾಡಬೇಡಿ. ಕಣ್ಣೀರು ಬರಲಿ ಅಂತ ಒಂದು ಸಾಲನ್ನೂ ಸೇರಿಸಬೇಡಿ. ಆ ಎಂಟು ರಾತ್ರಿಗಳೇ ಸಾಕು. ಇದರ ಹಿಂದೆಯೇ, ಎರಡನೇ ಪ್ಯಾರಾದೊಳಗೆ, ಬೋರ್ಡಿನ ಮಾತು ಬಂದುಬಿಡಲಿ. ಕೊನೆಗೆ ಇಡೋಣ ಅಂತ ಬಚ್ಚಿಡಬೇಡಿ. ಕೊನೆಯವರೆಗೆ ಓದುವವರು ಕಡಿಮೆ.

ಭಾಷೆ ನಿಮ್ಮದೇ ಇರಲಿ. ‘ರೈತಾಪಿ ವರ್ಗದ ಸಂಕಷ್ಟಗಳ ನಿವಾರಣೆಯ ನಿಟ್ಟಿನಲ್ಲಿ’ ಅಂತ ನೀವು ಮನೆಯಲ್ಲಿ ಮಾತಾಡುತ್ತೀರಾ? ನೆಲ್ಲು ಅನ್ನುವವರು ಲೇಖನದಲ್ಲೂ ನೆಲ್ಲು ಅನ್ನಿ, ಒಮ್ಮೆ ಭತ್ತ ಅಂತ ಪಕ್ಕದಲ್ಲಿ ತಿಳಿಸಿದರೆ ಆಯಿತು. ಬರೆದದ್ದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ‘ಅಂದ್ರೇನು?’ ಅಂತ ಎಲ್ಲಿ ಕೇಳುತ್ತಾರೋ ಅಲ್ಲಿ ತಿದ್ದಿ.

ಒಂದು ಎಚ್ಚರಿಕೆ. ನಿಮ್ಮ ಲೇಖನದಲ್ಲಿ ಒಬ್ಬ ಅಧಿಕಾರಿಯ ಹೆಸರು ಹಾಕಿ ‘ಹಣ ಪಡೆದು ನೀರು ಬಿಡುತ್ತಾರೆ’ ಅಂತ ಬರೆದಿದ್ದೀರಿ. ಕೈಯಲ್ಲಿ ದಾಖಲೆ ಇಲ್ಲದೆ ಇದನ್ನು ಬರೆಯಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿ ಮಾನನಷ್ಟ ಅಪರಾಧ, ಎರಡು ವರ್ಷದವರೆಗೆ ಶಿಕ್ಷೆ ಇದೆ. ಬರೆದವರ ಜೊತೆ ಪತ್ರಿಕೆಯೂ ಕೋರ್ಟಿಗೆ ಅಲೆಯಬೇಕಾಗಬಹುದು. ಸತ್ಯವನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದರೆ ಕಾನೂನಿನಲ್ಲಿ ರಕ್ಷಣೆ ಇದೆ, ಆದರೆ ಸತ್ಯ ಅಂತ ತೋರಿಸಬೇಕಾದವರು ನೀವು. ನಿಮ್ಮ ಲೇಖನ ಬದಿಗೆ ಹೋಗಲು ಆ ಒಂದು ಸಾಲೇ ಸಾಕಾಗಿರಬಹುದು. ವ್ಯವಸ್ಥೆಯಲ್ಲಿ ಏನು ತಪ್ಪಿದೆ ಅಂತ ಬರೆಯಿರಿ, ವ್ಯಕ್ತಿಯ ಹೆಸರು ತೆಗೆಯಿರಿ.

ಕಳಿಸುವ ವಿಷಯ ಬೇಗ ಹೇಳುತ್ತೇನೆ. ನಿಮ್ಮದು ಸುಮಾರು 1,400 ಪದ ಇದೆ. ಸಂಪಾದಕೀಯ ಪುಟದಲ್ಲಿ ಹೊಸಬರಿಗೆ ಸಿಗುವ ಜಾಗ ಅದರ ಅರ್ಧವೂ ಅಲ್ಲ. 500 ಪದದಲ್ಲಿ ಮುಗಿಸಿ. ನಿಮಗೆ ಬೇಕಾದ ಪತ್ರಿಕೆಯ ಹತ್ತು ದಿನದ ಅದೇ ಜಾಗ ತೆಗೆದು ಪದ ಎಣಿಸಿ ನೋಡಿ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಮೇಲ್‌ನಲ್ಲೇ ಅಂಟಿಸಿ. ಪುಟದ ಫೋಟೊ ಹೊಡೆದು ಕಳಿಸಬೇಡಿ. ಮೇಲಿನ ಎರಡು ಸಾಲಿನಲ್ಲಿ ನೀವು ಯಾರು, ನಿಮ್ಮ ಹೊಲ ಎಲ್ಲಿದೆ, ಹೇಳುವುದೇನು ಅಂತ ತಿಳಿಸಿ. ಒಂದು ಸಲಕ್ಕೆ ಒಂದೇ ಪತ್ರಿಕೆ. ನೀವು ಒಂದೇ ಲೇಖನವನ್ನು ನಾಲ್ಕು ಕಡೆ ಒಟ್ಟಿಗೆ ಕಳಿಸಿದ್ದು ಮೇಲ್‌ನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಒಂದು ವಾರ ಕಾದು, ಉತ್ತರ ಇಲ್ಲದಿದ್ದರೆ ‘ಬೇರೆ ಕಡೆ ಕಳಿಸುತ್ತಿದ್ದೇನೆ’ ಅಂತ ಒಂದು ಸಾಲು ಬರೆದು ಮುಂದಿನವರಿಗೆ ಕಳಿಸಿ. ಉತ್ತರ ಬರೆಯದಿರುವುದು ಪತ್ರಿಕೆಗಳ ತಪ್ಪೇ. ಆ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ. ಲೇಖನ ಉದ್ದ ಆಗುತ್ತಿದೆ ಅನ್ನಿಸಿದರೆ ಓದುಗರ ಪತ್ರದ ಜಾಗ ಇದೆ. 120 ಪದದ ಪತ್ರ ಬರೆದು ಅಭ್ಯಾಸ ಮಾಡಿ. ಎರಡು ಪತ್ರ ಬಂದ ಮೇಲೆ ಡೆಸ್ಕ್‌ನವರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ.

ಈಗ ಮಾಡಬೇಕಾದ ಕೆಲಸ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಈ ಸಲ ನೀರು ಬಿಟ್ಟ ದಿನದಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಿಮ್ಮ ಕಾಲುವೆಯ ಗೇಜು ಬರೆದಿಡಿ. ದಿನಾಂಕ ಹಾಕಿ, ಹೊತ್ತು ಹಾಕಿ, ಆಗುವುದಾದರೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಅಪ್ಪ ರಾತ್ರಿ ಹೋದ ದಿನಗಳಿಗೆ ಗುರುತು ಹಾಕಿ. ಮುಂದಿನ ಐಸಿಸಿ ಸಭೆಯ ಸುದ್ದಿ ಬಂದ ದಿನ ಆ ನೋಟ್‌ಬುಕ್ ಪಕ್ಕದಲ್ಲಿ ಇಟ್ಟುಕೊಂಡು ಬರೆಯಲು ಕೂರಿ. ಬರೆದಾದ ಮೇಲೆ ಕಳಿಸುವ ಮುಂಚೆ ನನಗೊಮ್ಮೆ ಕಳಿಸಿ, ಓದಿ ಎರಡು ದಿನದೊಳಗೆ ಉತ್ತರ ಬರೆಯುತ್ತೇನೆ.